ಹಲ್ಲಿಗೂ ಲಗ್ನಕ್ಕೂ ಸಂಬಂಧ

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು ಮನೆಗೆ ಬೀಗರು ಬಂದಾಗ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಈ ಜ್ಞಾನ ನನಗೆ ಪುಸ್ತಕದಿಂದ ಬಂದದ್ದಲ್ಲ. ಭೀಮರಾಯನಗುಡಿ ಕ್ಯಾಂಪಿನ ನಮ್ಮ ಕ್ವಾರ್ಟರ್ಸಿನಲ್ಲಿ, ಅತ್ತೆಯವರ ಎದುರಿಗೇ ಬಂತು. ಕೃಷಿ ಕಾಲೇಜಿನ ಗೆಳೆಯನೊಬ್ಬ ಕಾಲುವೆ ದಂಡೆಯ ಜಾಲಿ ಗಿಡಗಳಲ್ಲಿ ಓತಿಕ್ಯಾತಗಳು ಎಲ್ಲೆಲ್ಲಿ ಕೂರುತ್ತವೆ ಎಂದು ಬರೆದು, ಲೆಕ್ಕ ಹಾಕಿಕೊಡು ಎಂದು ನನ್ನ ಬಳಿ ತಂದಿದ್ದ. ಎತ್ತರವೋ ತಗ್ಗೋ, ಬಿಸಿಲೋ ನೆರಳೋ. ಇವು ಗೇಣು-ಅಡಿಗಳ ಅಳತೆಗಳಲ್ಲ, ಬರೀ ಗುಂಪುಗಳು. ಒಂದೊಂದನ್ನೂ ಪಟ್ಟಿಯಲ್ಲಿ ಅದರದರ ಮನೆಯಲ್ಲಿ ಕೂರಿಸಿ ತಲೆ ಎಣಿಸಬೇಕು. ಆಮೇಲೆ ಎತ್ತರಕ್ಕೂ ಬಿಸಿಲಿಗೂ ಸಂಬಂಧವಿದೆಯೇ ಎಂದು ಕೈ-ಸ್ಕ್ವೇರ್ ಪರೀಕ್ಷೆ ಮಾಡಬೇಕು. "ನಿಮ್ಮ ಕೈ ಬರೇ ಆ ಪರೀಕ್ಷಾದ ಹೆಸರಿನ್ಯಾಗ ಐತಿ ನೋಡ್ರಿ, ಮನಿ ಕೆಲಸದಾಗ ಇಲ್ಲ" ಎಂದು ಹೆಂಡತಿ ಅನ್ನುತ್ತಿದ್ದಳು. ಸುರಪುರದಿಂದ ಬಂದಿದ್ದ ಅತ್ತೆಯವರು ಮಾತ್ರ, "ನಮ್ಮ ಅಳಿಯಾರು ಹಲ್ಲಿ ಶಾಸ್ತ್ರ ಓದ್ಯಾರ" ಎಂದು ಕ್ಯಾಂಪಿಗೆಲ್ಲ ಸಾರಿದ್ದರು. ಅದು ಹಲ್ಲಿಯಲ್ಲ, ಓತಿಕ್ಯಾತ ಎಂದು ಒಂದು ಸಲ ತಿದ್ದಿ ಸುಮ್ಮನಾದೆ. ಅತ್ತೆ ಮನೆಯವರ ಮರ್ಯಾದೆ ಯಾರಿಗೆ ಬೇಡ?

ಅದೇ ವಾರ, ಅತ್ತೆಯವರ ಜೊತೆ ಬಂದಿದ್ದ ನಾದಿನಿ ಶಾಂತಾಳನ್ನು ನೋಡಲು ಸಗರದಿಂದ ಗಂಡಿನವರು ನಮ್ಮ ಮನೆಗೇ ಬಂದರು. ಹಿಂದೆ ಬಂದ ಸಂಬಂಧಗಳೆಲ್ಲ ಏನೇನೋ ನೆಪಕ್ಕೆ ಮುರಿದಿದ್ದವು. ಹುಡುಗ ಮಾಸ್ತರ, ಸೌಮ್ಯ. ಚಹಾ ಕೊಟ್ಟು ಒಳಗೆ ಹೋದ ಶಾಂತಾಳ ಮುಖ ಅರಳಿತ್ತು. ಇದೂ ತಪ್ಪಿದರೆ ಅವಳಿಗೆ ಹೇಗಾದೀತು ಎಂದು ನನಗೂ ಜೀವ ಹೊಡೆದುಕೊಳ್ಳುತ್ತಿತ್ತು. ಹುಡುಗನ ಸೋದರಮಾವ ತಟ್ಟೆಯ ಮಂಡಕ್ಕಿ ಸುಸಲಾ ಮುಗಿಸಿ, "ಹುಡುಗಿ ನಮಗ ಪಸಂದ ಅದಾಳ್ರಿ" ಎಂದರು. ಎಲ್ಲಿಂದಲೋ ಲೊಚ್ ಲೊಚ್ ಸದ್ದು. ಎಲ್ಲರೂ "ಶಿವ ಶಿವ" ಎಂದು ನೆಲ ಬಡಿದರು.

"ಹಲ್ಲಿ ಹೂಂ ಅಂತು! ಪೂರ್ವಕ್ಕ ನುಡೀತು" ಎಂದರು ಅತ್ತೆ.

"ಇಲ್ರಿ, ಆಗ್ನೇಯಕ್ಕ. ಅದು ಛಲೋ ಅಲ್ಲ" ಎಂದು ಸೋದರಮಾವ ಮುಖ ಗಂಟು ಹಾಕಿದರು.

"ನಮ್ಮ ಅಳಿಯಾರನ್ನs ಕೇಳ್ರಿ."

ನಾನು ಗಂಟಲು ಸರಿಮಾಡಿಕೊಂಡು, ತರಗತಿಯ ದನಿಯಲ್ಲಿ ತೀರ್ಪು ಕೊಟ್ಟೆ: "ಇಲ್ಲಿ ಯಾವ ಸಂಬಂಧಾನೂ ಇಲ್ರಿ!"

ದಿಕ್ಕಿಗೂ ಫಲಕ್ಕೂ ಸಂಬಂಧವಿಲ್ಲ ಎಂಬುದು ನನ್ನ ಭಾವ. ಸೋದರಮಾವ ಹೆಗಲಿಗೆ ಟವೆಲ್ ಹಾಕಿಕೊಂಡು ಎದ್ದೇಬಿಟ್ಟರು. "ಸಂಬಂಧ ಬ್ಯಾಡಂದ್ರ ಮೊದಲs ಹೇಳಬೇಕಿತ್ತು. ನಡೀರಿ, ಬಸ್ ಸಿಗತೈತಿ." ನಾನು ಓತಿಕ್ಯಾತ, ಬಿಸಿಲು, ನೆರಳು ಎಂದೆಲ್ಲ ತೊದಲಿದೆ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಯಾವ ನೆರಳೂ ಸಾಲುತ್ತಿರಲಿಲ್ಲ.

ಆಗ ಮತ್ತೆ ಲೊಚ್ ಲೊಚ್ ಲೊಚ್! ಈ ಸಲ ಪೂರ್ವದ ಕಿಟಕಿಯಿಂದ, ಸ್ಪಷ್ಟವಾಗಿ. ಸೋದರಮಾವ ಮೆಟ್ಟಿದ್ದ ಚಪ್ಪಲಿ ಬಿಟ್ಟರು. "ಹಾಂ, ಈಗ ಖರೆ ಪೂರ್ವಕ್ಕ ನುಡೀತು ನೋಡ್ರಿ! ಅಕ್ಕಾರ, ಸಕ್ಕರಿ ತರ್ರಿ."

ಸಕ್ಕರೆ ಹಂಚಿ, ಬೀಗರನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ ಶಾಂತಾಳಿಗೆ ವಿವರಿಸತೊಡಗಿದೆ: "ಹಲ್ಲಿ ಒಮ್ಮಿಂದೊಮ್ಮೆಲೆ ಜಾಗ ಬದಲಿಸಿದ್ದು ಅಭ್ಯಾಸ ಮಾಡೋವಂಥ ಸಂಗತಿ..."

"ಮಾಮಾ," ಎಂದು ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಮೊದಲ ಸಲ ನಾನs ಅಡಗಿಮನಿಯಾಗಿಂದ ನುಡಿದಿನ್ರಿ. ನಡೀಲಿಲ್ಲ. ಅದಕ್ಕ ಹಿತ್ತಲ ಹಾದು ಆ ಕಿಟಕಿಗೆ ಓಡಬೇಕಾತು."

ಅಡಿಗೆಮನೆ ಆಗ್ನೇಯಕ್ಕಿರುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಆ ದಿನ ಪಡಸಾಲೆಯಲ್ಲಿ ಕಿವಿಯಿಟ್ಟು ಸರಿಯಾದ ದಿಕ್ಕು ಹೇಳಿದ ಸಂಶೋಧಕರು ಸೋದರಮಾವ ಒಬ್ಬರೇ. ನಾನೋ, ನಾದಿನಿಯನ್ನು ಹಲ್ಲಿಯ ಮನೆಯಲ್ಲಿ ಕೂರಿಸಿ ಲೆಕ್ಕ ಹಾಕುತ್ತಿದ್ದೆ.