ಗುಳಿಗೆ ತಿಳಿಯದ ಬೈ-ಟೂ

ಲೆಕ್ಕ ಬರೆದಿಟ್ಟುಕೊಂಡು ಬದುಕುವವನನ್ನು ಸುಳ್ಳುಗಾರ ಎಂದರೆ ಎಷ್ಟು ಉರಿಯುತ್ತದೆ ಎಂಬುದು ಡೈರಿ ಬರೆಯದವರಿಗೆ ತಿಳಿಯದು. ನಾಲ್ಕು ವರ್ಷದಿಂದ ನಾನು ಎದ್ದ ಹೊತ್ತು, ತಪ್ಪಿದ ಬಸ್ಸು, ಕುಡಿದ ಕಾಫಿ, ಸೇದಿದ ಸಿಗರೇಟು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಅಂಥವನನ್ನು ರಾಜಾಜಿನಗರದ ಹಲ್ಲಿನ ಡಾಕ್ಟರೊಬ್ಬರು ಬಾಯಿ ತೆರೆಸಿ ಕೂರಿಸಿಕೊಂಡು, ಉತ್ತರ ಕೊಡಲೂ ಬಿಡದೆ, "ಸುಳ್ಳು ಹೇಳ್ತೀರಲ್ರೀ" ಎಂದುಬಿಟ್ಟರು!

ಸೋಮವಾರ ಅವರೇ ನನ್ನ ದವಡೆಹಲ್ಲು ಕಿತ್ತಿದ್ದರು. "ಹಲ್ಲು ಕಿತ್ತ ಗುಳೀಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂತಿರುತ್ತೆ. ಸಿಗರೇಟು ಎಳೆದ್ರೆ ಅದು ಕಿತ್ತು ಬರುತ್ತೆ, ಮೂಳೆ ಬರಿದಾಗುತ್ತೆ. ಆಮೇಲೆ ನೋವು ತಡ್ಕೊಳ್ಳೋಕಾಗಲ್ಲ. ಮೂರು ದಿನ ಮುಟ್ಟಬೇಡಿ" ಎಂದಿದ್ದರು. ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ. ಮಂಗಳವಾರ, ಸಿಗರೇಟು ಸೊನ್ನೆ. ಬುಧವಾರ ಸೊನ್ನೆ. ಗುರುವಾರವೂ ಸೊನ್ನೆ. ಆದರೂ ಗುರುವಾರ ಸಂಜೆ ದವಡೆಯಿಂದ ಕಿವಿಯವರೆಗೆ ಯಾರೋ ಸುತ್ತಿಗೆಯಲ್ಲಿ ಮೊಳೆ ಹೊಡೆಯಲಾರಂಭಿಸಿದರು. ಹಲ್ಲು ಕೀಳುವುದರಲ್ಲೇ ಎಡವಟ್ಟಾಗಿದೆ ಎಂದು ನನಗೆ ಖಾತ್ರಿಯಾಯಿತು. ಶುಕ್ರವಾರ ಬೆಳಿಗ್ಗೆ ಡೈರಿಯನ್ನು ಕಂಕುಳಲ್ಲಿಟ್ಟುಕೊಂಡು, ಬಿನ್ನಿಪೇಟೆಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನಾದ ನಾಗರಾಜನನ್ನು ಸಾಕ್ಷಿಗೆ ಕರೆದುಕೊಂಡು, ಜಗಳಕ್ಕೇ ಹೊರಟೆ.

ಮೂರು ದಿನ ಒಂದೂ ಸೇದಿಲ್ಲ ಎಂದೆ. ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ ಆ ಸುಳ್ಳಿನ ಮಾತು ಅಂದದ್ದು ಆಗಲೇ. ನಾನು ಬಾಯಿ ತೆರೆದುಕೊಂಡೇ ಡೈರಿಯ ಮೂರು ಸೊನ್ನೆಗಳನ್ನು ಬೆರಳಿಟ್ಟು ತೋರಿಸಿದೆ. ನಾಗರಾಜ ನನ್ನ ಪರವಾಗಿ ಎದೆಯುಬ್ಬಿಸಿ, "ಇವ್ನು ಒಂದೂ ಸೇದಿಲ್ಲ ಸಾರ್. ಬರೀ ಬೈ-ಟೂ! ಅರ್ಧ ನಂದು, ಅರ್ಧ ಇವನ್ದು" ಎಂದ.

ನಮ್ಮಲ್ಲಿ ಕಾಫಿಯ ಹಾಗೆ ಸಿಗರೇಟೂ ಬೈ-ಟೂ. ಕಡ್ಡಿ ಗೀರಿದವನದೇ ಸಿಗರೇಟು ಎಂಬುದು ನನ್ನ ಡೈರಿಯ ನಿಯಮ. ಆ ಮೂರು ದಿನವೂ ಕಡ್ಡಿ ಗೀರಿದವನು ನಾಗರಾಜ. ಇದನ್ನೇ ಡಾಕ್ಟರಿಗೆ ವಿವರಿಸಿ, ಇದರಲ್ಲಿ ಸುಳ್ಳೆಲ್ಲಿದೆ ಎಂದು ಕೇಳಿದೆ.

"ಕಡ್ಡಿ ಗೀರಿದ್ದು ಯಾರು ಅಂತ ಗುಳೀಗೆ ಹೆಂಗ್ರೀ ಗೊತ್ತಾಗುತ್ತೆ?" ಎಂದರು ಡಾಕ್ಟರು. ಲವಂಗದ ವಾಸನೆಯ ಔಷಧಿ ಹಚ್ಚಿದ ಬಟ್ಟೆಪಟ್ಟಿಯನ್ನು ಗುಳಿಯೊಳಗೆ ತುರುಕಿ, "ಇನ್ನೂ ಒಂದು ವಾರ. ಅರ್ಧಾನೂ ಇಲ್ಲ, ಕಾಲೂ ಇಲ್ಲ" ಎಂದರು. ಹೊರಗೆ ಬಂದ ಮೇಲೆ ನಾಗರಾಜ, "ಒಂದು ವಾರ ನಂಗ್ಯಾರು ಮಗಾ ಕಂಪನಿ?" ಎಂದು ನನಗಿಂತ ಹೆಚ್ಚು ನೊಂದುಕೊಂಡ.

ಮನೆಗೆ ಬಂದು, ಕೋಪದಲ್ಲೇ, ಡಾಕ್ಟರ ಬಾಯಿ ಮುಚ್ಚಿಸಲೆಂದು ಅರ್ಧಗಳನ್ನೆಲ್ಲ ನೆನಪಿಸಿಕೊಂಡು ಕೂಡಿಸಿದೆ. ಒಂಬತ್ತು ಅರ್ಧ, ಅಂದರೆ ನಾಲ್ಕೂವರೆ. ಹಲ್ಲು ಕೀಳಿಸುವ ಮೊದಲಿನ ಮೂರು ದಿನ, ಯಾರ ಅಡ್ಡಿಯೂ ಇಲ್ಲದೆ, ಅರ್ಧಗಳನ್ನೂ ಸೇರಿಸಿ ನಾನು ಸೇದಿದ್ದು ನಾಲ್ಕು.

ಹೆಚ್ಚಿಗೆ ಬಂದ ಆ ಅರ್ಧವನ್ನು ನಾಗರಾಜನ ಹೆಸರಿಗೆ ಬರೆದಿದ್ದೇನೆ.