ಎಡಗಣ್ಣಿನ ಐಶ್ವರ್ಯ

ಗಂಡನ ಕಣ್ಣು ಇನ್ನೊಬ್ಬಳ ಮೇಲೆ ಬಿದ್ದರೆ ಹೆಂಡತಿಗೆ ಹೊಟ್ಟೆಕಿಚ್ಚಾಗುವುದು ಲೋಕರೂಢಿ. ಅದಕ್ಕೆ ಮದ್ದೂ ಉಂಟು, ತಟ್ಟೆ ಕುಕ್ಕುವುದರಿಂದ ಹಿಡಿದು ತವರಿಗೆ ಹೊರಡುವವರೆಗೆ. ಆದರೆ ಪಾರ್ಲರಕ್ಕನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಗಂಡನ ಕಣ್ಣಿನ ಮೇಲೇ. ಅದೂ ಎರಡರ ಮೇಲಲ್ಲ, ಎಡಗಡೆಯ ಒಂದರ ಮೇಲೆ. ಇಂಥ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ತವರಿನವರು ಕೇಳಿದರೆ ಇವಳಿಗೇ ಔಷಧಿ ಕೊಡಿಸುತ್ತಾರೆ.

ಅವರ ಮನೆಯ ಮುಂದಿನ ಕೋಣೆಗೆ ನಡುವೆ ಒಂದು ಪರದೆ. ಪರದೆಯ ಆ ಕಡೆ ಗಂಡನ ಗಡಿಯಾರ ರಿಪೇರಿ, ಈ ಕಡೆ ಹೆಂಡತಿಯ ಬ್ಯೂಟಿ ಪಾರ್ಲರ್. ಬೀದಿಯವರಿಗೆ ಅವನು ಗಡಿಯಾರದಣ್ಣ, ಅವಳು ಪಾರ್ಲರಕ್ಕ. (ಅಣ್ಣ ಅಕ್ಕ ಇಬ್ಬರೂ ಗಂಡ ಹೆಂಡತಿ ಹೇಗಾಗುತ್ತಾರೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಬೀದಿಯವರ ನಾಮಕರಣಕ್ಕೆ ವಾವೆ ವರಸೆ ಇರುವುದಿಲ್ಲ.) ಪರದೆ ಗೋಡೆಗೆ ತಾಗುವಲ್ಲಿ ಒಂದು ಕನ್ನಡಿ, ಅದರ ಕೆಳಗೆ ಒಂದು ಹಲಗೆ. ಆ ಹಲಗೆ ಇಬ್ಬರ ಜಂಟಿ ಆಸ್ತಿ. ಆದ್ದರಿಂದ ಜಗಳವೂ ಜಂಟಿ.

ಜಗಳಕ್ಕೆ ಕಾರಣ ಅಣ್ಣನ ಒಂದು ಗುಣ. ಡಬ್ಬಿ, ಶೀಶೆ ಯಾವುದನ್ನೂ ಅವನು ಬಿಸಾಡುವವನಲ್ಲ. ಕೆಮ್ಮಿನ ಔಷಧಿಯ ಶೀಶೆಯಲ್ಲಿ ಪೆಟ್ರೋಲು, ನೋವಿನ ಮುಲಾಮಿನ ಡಬ್ಬಿಯಲ್ಲಿ ವಾಚಿನ ಮುಳ್ಳು, ಹಲ್ಲುಪುಡಿ ಡಬ್ಬಿಯಲ್ಲಿ ಸ್ಕ್ರೂ. ಮೇಲಿನ ಚೀಟಿ ಕೀಳುವ ಶ್ರಮ ಮಾತ್ರ ಅವನು ತೆಗೆದುಕೊಂಡವನಲ್ಲ. "ನನಗೆ ಗೊತ್ತಿದ್ರೆ ಸಾಕಲ್ಲ, ವಾಚಿಗೆ ಓದೋಕೆ ಬರುತ್ತಾ?" ಎನ್ನುತ್ತಿದ್ದ.

ಇನ್ನು ಅಕ್ಕನ ಸಂಕಟ. ಬೀದಿಯ ಹೆಂಗಸರ ಹುಬ್ಬುಗಳನ್ನೆಲ್ಲ ದಾರ ಹಿಡಿದು ಬಿಲ್ಲಿನಂತೆ ಬಾಗಿಸಿದವಳು ಅವಳು. ಆದರೆ ದೇವರು ಅವಳಿಗೆ ರೆಪ್ಪೆಗೂದಲು ಕೊಡುವ ಹೊತ್ತಿಗೆ ಯಾರೋ ಕರೆದರೆಂದು ಎದ್ದು ಹೋಗಿದ್ದ. ಅಲ್ಲೊಂದು ಇಲ್ಲೊಂದು, ಬೋಳುಗುಡ್ಡದ ಮೇಲಿನ ಹುಲ್ಲು. ಮದುವೆಯಾದಂದಿನಿಂದ ಕಾಡಿಗೆ ತೀಡಿ ತೀಡಿ ಆ ಬಡತನವನ್ನು ಮುಚ್ಚಿಟ್ಟಿದ್ದಳು. ಹಚ್ಚದ ಎಣ್ಣೆಯಿಲ್ಲ, ತಿಕ್ಕದ ಲೇಪವಿಲ್ಲ.

ಹೀಗಿರುವಾಗ ಅಣ್ಣನ ಎಡಗಣ್ಣಿನಲ್ಲಿ ಒತ್ತಡ ಹೆಚ್ಚಿದೆ ಎಂದು ಕಣ್ಣಿನ ಡಾಕ್ಟರಮ್ಮ ಒಂದು ಡ್ರಾಪ್ಸ್ ಬರೆದುಕೊಟ್ಟರು. ದಿನಾ ಮಲಗುವ ಮುಂಚೆ ಒಂದು ತೊಟ್ಟು. "ಇದನ್ನ ಹಾಕಿದ್ರೆ ಕೆಲವರಿಗೆ ರೆಪ್ಪೆ ಕೂದಲು ಸ್ವಲ್ಪ ಬೆಳೆಯುತ್ತೆ, ಗಾಬರಿ ಆಗ್ಬೇಡಿ" ಎಂದೂ ಹೇಳಿದರು. ಅಣ್ಣ ಗಾಬರಿಯಾಗಲಿಲ್ಲ. ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳಿ, ಶೀಶೆಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು ಆ ಮಾತನ್ನು ಮರೆತೂಬಿಟ್ಟ. ತೊಟ್ಟು ಹಾಕುವುದನ್ನು ಮಾತ್ರ ಮರೆಯಲಿಲ್ಲ.

ಸ್ವಲ್ಪ ಎಂದರೆ ಎಷ್ಟು ಎಂದು ಡಾಕ್ಟರಮ್ಮ ಹೇಳಬೇಕಾಗಿತ್ತು. ಮೂರು ತಿಂಗಳು ಕಳೆಯುವುದರೊಳಗೆ ಅಣ್ಣನ ಎಡಗಣ್ಣಿಗೆ ಸಾಮ್ರಾಜ್ಯಲಕ್ಷ್ಮಿ ಒಲಿದುಬಿಟ್ಟಳು. ಕಪ್ಪಗೆ, ದಟ್ಟವಾಗಿ, ತುದಿಯಲ್ಲಿ ಮೇಲಕ್ಕೆ ಬಾಗಿದ ರೆಪ್ಪೆಗೂದಲು! ಬಲಗಣ್ಣು ಮಾತ್ರ ಹಳೆಯ ಗಡಿಯಾರದಣ್ಣನದೇ. ಮುಖದ ಅರ್ಧ ಸಿನಿಮಾ ನಟಿ, ಇನ್ನರ್ಧ ಗಡಿಯಾರ ರಿಪೇರಿ. ಸುಮ್ಮನೆ ನೋಡಿದರೂ ಕಣ್ಣು ಹೊಡೆದ ಹಾಗೆ ಕಾಣುತ್ತಿತ್ತು.

ಅಕ್ಕನಿಗೆ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಯಿತು. ಅದೇ ಮುಖವನ್ನು ಅವನು ಬಟ್ಟೆ ಒಗೆಯುವ ಸೋಪಿನಲ್ಲಿ ತೊಳೆಯುತ್ತಾನೆ. ಟವೆಲಿನಲ್ಲಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಾನೆ. ಅಂಥವನಿಗೆ ಈ ಭಾಗ್ಯವೇ? ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಊಟ ಬಡಿಸುವಾಗ ಅವಳು ಅವನ ಮುಖ ನೋಡುವುದನ್ನೇ ಬಿಟ್ಟಳು. ನೋಡಬೇಕಾಗಿ ಬಂದರೂ ಬಲಗಡೆಯಿಂದ ಬಂದು ನಿಲ್ಲುತ್ತಿದ್ದಳು.

"ಏನಾಯ್ತೇ ನಿನಗೆ? ಮುಖ ಕೊಟ್ಟು ಮಾತಾಡೋದೇ ಇಲ್ವಲ್ಲ?"

"ಮುಖದಲ್ಲಿ ನೋಡೋದು ಏನಿದೆ?"

"ಈ ರೆಪ್ಪೆ ನಿನಗೆ ಹಿಡಿಸ್ತಾ ಇಲ್ವಾ?"

"ನನಗೆ ಹಿಡಿಸೋಕೆ ಅದೇನು ನನ್ನ ಕಣ್ಣಿಗೆ ಬಂದಿದೆಯಾ? ಊಟ ಮಾಡ್ರೀ ಸುಮ್ನೆ."

ಅಣ್ಣ ತಲೆ ತಗ್ಗಿಸಿ ಉಂಡ. ಹೆಂಡತಿಗೆ ತನ್ನ ಕಣ್ಣು ಕಂಡರೆ ಅಸಹ್ಯ ಎಂದು ಅವನು ತೀರ್ಮಾನಿಸಿದ್ದು ಅಂದೇ. (ಗಡಿಯಾರದ ಹೊಟ್ಟೆ ಬಿಚ್ಚಿ ನೋಡಿದರೆ ರೋಗ ಗೊತ್ತಾಗುತ್ತದೆ. ಹೆಂಡತಿಯ ಹೊಟ್ಟೆಕಿಚ್ಚಿಗೆ ಹಿಂಬದಿಯ ಮುಚ್ಚಳ ಇಲ್ಲವಲ್ಲ.)

ಈ ಬೆಂಕಿಗೆ ತುಪ್ಪ ಸುರಿದವರು ಎದುರು ಮಹಡಿಯ ಟ್ಯೂಷನ್ ಮೇಡಂ. ವಾಚು ತಪ್ಪು ಟೈಮು ತೋರಿಸುತ್ತಿದೆ ಎಂದು ಮತ್ತೆ ಮತ್ತೆ ಬರುತ್ತಿದ್ದರು. ಪ್ರತಿ ಸಲವೂ ಅಣ್ಣ ಬಿಚ್ಚಿ, ನೋಡಿ, "ಏನೂ ತೊಂದರೆ ಇಲ್ಲ ಮೇಡಂ, ಸರಿಯಾಗೇ ಓಡ್ತಿದೆ" ಎಂದು ಕೊಡುತ್ತಿದ್ದ. ಸರಿಯಿರುವ ವಾಚನ್ನು ಹೆಂಗಸೊಬ್ಬಳು ರಿಪೇರಿಗೆ ತರುತ್ತಾಳೆಂದರೆ ಕೆಟ್ಟಿರುವುದು ವಾಚಲ್ಲ ಎಂದು ಅಕ್ಕನಿಗೆ ಖಾತ್ರಿಯಾಯಿತು. ಒಂದು ದಿನ ಪರದೆಯ ಸಂದಿಯಿಂದ ನೋಡಿದರೆ ಅಣ್ಣ ತನ್ನ ಎಡಗಣ್ಣು ತೋರಿಸಿ ಪಿಸುದನಿಯಲ್ಲಿ ಏನೋ ಹೇಳುತ್ತಿದ್ದಾನೆ, ಮೇಡಂ ಬಗ್ಗಿ ಬಗ್ಗಿ ನೋಡುತ್ತಿದ್ದಾರೆ! ಕೈಯಲ್ಲಿದ್ದ ದಾರ ಜಾರಿ, ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯ ಹುಬ್ಬು ಒಂದು ಕಡೆ ಅರ್ಧವಾಯಿತು.

ಮೇಡಂ ಹಾಗೇ ಪರದೆ ಸರಿಸಿ ಈ ಕಡೆಗೂ ಬಂದರು.

"ಅಲ್ಲ ಅಕ್ಕಾ, ನಿಮ್ಮ ಯಜಮಾನ್ರ ರೆಪ್ಪೆ ಎಷ್ಟು ಚೆನ್ನಾಗಿದೆ! ನೀವೇನಾದ್ರೂ ಹಚ್ತೀರಾ?"

ಆಗಲಾದರೂ ಅಕ್ಕ ಔಷಧಿಯ ವಿಷಯ ಹೇಳಬಹುದಿತ್ತು. ಆದರೆ ಕುರ್ಚಿಯಲ್ಲಿ ಅರ್ಧ ಹುಬ್ಬಿನ ಗಿರಾಕಿ ಕೂತಿದ್ದಳು, ಬೆಂಚಿನ ಮೇಲೆ ಇನ್ನಿಬ್ಬರಿದ್ದರು. ಪಾರ್ಲರಿನ ಮಾನದ ಪ್ರಶ್ನೆ. ನಾಲಿಗೆ ತಾನಾಗಿ ಹೊರಳಿತು.

"ಮತ್ತೆ? ನನ್ನ ಕೈಯಾರೆ ಮಾಡಿದ ಎಣ್ಣೆ. ಇನ್ನೂ ಯಾರಿಗೂ ಕೊಟ್ಟಿಲ್ಲ, ಮೊದಲು ಇವರ ಮೇಲೆ ಹಚ್ಚಿ ನೋಡ್ತಿದೀನಿ."

"ಒಂದೇ ಕಣ್ಣಿಗೆ?"

"ವ್ಯತ್ಯಾಸ ಗೊತ್ತಾಗ್ಬೇಕಲ್ಲ ಮೇಡಂ!"

"ಹಾಗಾದ್ರೆ ನೀವ್ಯಾಕೆ ಹಚ್ಕೊಂಡಿಲ್ಲ?" ಎಂದು ಅರ್ಧ ಹುಬ್ಬಿನವಳು ಸೇಡು ತೀರಿಸಿಕೊಂಡಳು. ಎಲ್ಲರೂ ಅಕ್ಕನ ಕಣ್ಣು ನೋಡಿದರು. ಅಲ್ಲಿ ಕಾಡಿಗೆಯ ಹೊರತು ನೋಡಲು ಏನೂ ಇರಲಿಲ್ಲ.

"ಹಚ್ತೀನಿ, ನಾಳೆಯಿಂದಲೇ" ಎಂದಳು ಅಕ್ಕ. ಮಾತು ಆಡಿದ್ದಾಯಿತು, ಇನ್ನು ಮುತ್ತು ಉದುರಿದರೂ ಸರಿ, ಹಲ್ಲು ಉದುರಿದರೂ ಸರಿ.

ಮಾರನೆಯ ಬೆಳಗ್ಗೆ ಅಣ್ಣ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಹಲಗೆಯ ಮೇಲಿನ ಶೀಶೆಯಿಂದ ಒಂದು ತೊಟ್ಟು ಕದ್ದಳು. ಕಣ್ಣೊಳಗೆ ಹಾಕಲು ಅವಳೇನು ಪೆದ್ದಿಯಲ್ಲ. ಕಾಡಿಗೆ ತೀಡುವ ಸಣ್ಣ ಕುಂಚ ಅದ್ದಿ, ರೆಪ್ಪೆಯ ಅಂಚಿಗೆ ನಾಜೂಕಾಗಿ ಸವರಿಕೊಂಡಳು. ಸ್ವಲ್ಪ ಜಿಡ್ಡು ಜಿಡ್ಡಾಯಿತು. ಒಳ್ಳೆಯ ಔಷಧಿ ಜಿಡ್ಡಾಗೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ದಿನಾ ಬೆಳಗ್ಗೆ ಇದೇ ಕಳ್ಳತನ. ಕಣ್ಣು ಉರಿದಾಗ, ಬೇರು ಬಿಡುತ್ತಿದೆ ಎಂದುಕೊಂಡಳು. ಅಂಚು ಕೆಂಪಾದಾಗ, ರಕ್ತ ಓಡುತ್ತಿದೆ ಎಂದುಕೊಂಡಳು. ಇದ್ದ ಕೂದಲು ಒಂದೆರಡು ಉದುರಿದಾಗಲೂ ಧೈರ್ಯ ಬಿಡಲಿಲ್ಲ. ಹಳೆಯದು ಹೋಗದೆ ಹೊಸದು ಬರುವುದು ಹೇಗೆ? ಅತ್ತ ಗಂಡನ ಎಡಗಣ್ಣಿನ ವೈಭವ ದಿನದಿಂದ ದಿನಕ್ಕೆ ಇಳಿಯುತ್ತಿರುವುದು ಓರೆಗಣ್ಣಿಗೆ ಬಿತ್ತು. ಅಲ್ಲಿ ಇಳಿಯುತ್ತಿದೆ ಎಂದರೆ ಇಲ್ಲಿ ಏರಲೇಬೇಕು. ಔಷಧಿಗೂ ನ್ಯಾಯ ಅನ್ನೋದು ಒಂದಿದೆ!

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ಗೊಣಗಿದ.

"ಆ ಹಲಗೆ ಮೇಲಿನ ಬಾಟ್ಲಿ ಇದೆಯಲ್ಲ, ಅದ್ಯಾಕೋ ಬೇಗ ಖಾಲಿ ಆಗ್ತಿದೆ ಕಣೇ."

ಅಕ್ಕನಿಗೆ ತುತ್ತು ನೆತ್ತಿಗೆ ಹತ್ತಿತು. "ನನ್ನನ್ನ್ಯಾಕೆ ಕೇಳ್ತೀರಿ? ನಾನೇನು ಕುಡಿದ್ನಾ?"

"ನಿನ್ನ ಯಾರು ಅಂದ್ರು? ಇಲಿ ಏನಾದ್ರೂ ಬರ್ತಿದೆಯಾ ಅಂತ."

"ಹಾಂ, ಇಲಿನೇ. ನಿನ್ನೆ ನಾನೇ ನೋಡಿದೆ. ದೊಡ್ಡದು."

ಇಲಿಯ ಪಾಪ ಇಲಿಗೇ ತಗುಲಿತು. ಒಂದು ಬೆಳಗ್ಗೆ ಎದ್ದರೆ ಕಣ್ಣು ತೆರೆಯುವುದಕ್ಕೇ ಆಗದು. ಎರಡೂ ರೆಪ್ಪೆ ಪೂರಿಯ ಹಾಗೆ ಉಬ್ಬಿ, ಅಂಟಿಕೊಂಡು ಕೂತಿವೆ. ಬಿಸಿನೀರಲ್ಲಿ ಒರೆಸಿ ಒರೆಸಿ ಬಿಡಿಸಿದ್ದಾಯಿತು. ಕನ್ನಡಿ ನೋಡಿದರೆ ಬೋಳುಗುಡ್ಡದ ಮೇಲೆ ಇದ್ದ ಹುಲ್ಲೂ ಒರೆಸಿದ ಬಟ್ಟೆಗೆ ಬಂದಿತ್ತು! ಅಕ್ಕ ಗೊಳೋ ಎಂದು ಅತ್ತಳು. ಅತ್ತಿದ್ದಕ್ಕೆ ಇನ್ನಷ್ಟು ಉರಿಯಿತು. ಅಣ್ಣ ಬಿಚ್ಚಿದ್ದ ಗಡಿಯಾರವನ್ನು ಹಾಗೇ ಬಿಟ್ಟು ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದ. ತಪ್ಪೊಪ್ಪಿಕೊಳ್ಳಲೆಂದು ಅವಳು ಶೀಶೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು.

"ಏನು ಹಚ್ಕೊಂಡ್ರಿ?" ಎಂದರು ಡಾಕ್ಟರಮ್ಮ, ದೀಪ ಬಿಟ್ಟು ನೋಡುತ್ತಾ.

ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ಇದ್ದಳು ಅಕ್ಕ. ಪಕ್ಕದಲ್ಲಿ ಗಂಡ ಕೂತಿದ್ದ. ಗಂಡನ ರೆಪ್ಪೆ ಕಂಡು ಹೊಟ್ಟೆ ಉರಿಯಿತು ಎಂದು ಅವನ ಎದುರಿಗೇ ಹೇಗೆ ಹೇಳುವುದು?

"ಕಣ್ಣು ಉರೀತಿತ್ತು ಡಾಕ್ಟ್ರೇ. ಇವರ ಡ್ರಾಪ್ಸ್ ಸ್ವಲ್ಪ ಸವರಿಕೊಂಡೆ" ಎಂದು ಶೀಶೆ ತೆಗೆದಿಟ್ಟಳು.

"ಒಬ್ಬರ ಔಷಧಿ ಇನ್ನೊಬ್ಬರು ಹಾಕ್ಕೊಳ್ಳೋದಾ? ಓದಿದವರು ನೀವು!" ಎಂದು ಗದರಿದ ಡಾಕ್ಟರಮ್ಮ ಶೀಶೆಯನ್ನು ತಿರುಗಿಸಿ ನೋಡಿದರು. "ಅಲ್ಲಾ, ಇವರಿಗೆ ಇದನ್ನ ಬದಲಾಯಿಸಿ ಎಷ್ಟೋ ದಿನ ಆಯ್ತಲ್ಲ? ಅವರೇ ಬಂದು ಕೇಳಿ ಬೇರೆ ಬರೆಸ್ಕೊಂಡು ಹೋದ್ರು."

"ಬದಲಾಯಿಸಿದ್ರಾ?" ಅಕ್ಕನ ಊದಿದ ಕಣ್ಣು ಆದಷ್ಟು ಅಗಲವಾಯಿತು.

ಅಣ್ಣ ಶೀಶೆ ಕೈಗೆ ತೆಗೆದುಕೊಂಡು, ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು, ಮೂಸಿ ನೋಡಿದ.

"ಅಯ್ಯೋ, ಇದು ನನ್ನ ಎಣ್ಣೆ ಕಣೇ! ವಾಚಿಗೆ ಹಾಕೋದು. ಈ ಬಾಟ್ಲಿ ಮೂತಿ ಸಣ್ಣ, ಒಂದೊಂದೇ ತೊಟ್ಟು ಬೀಳುತ್ತೆ ಅಂತ ತೊಳೆದು ತುಂಬಿಸಿಟ್ಟಿದ್ದೆ. ಹಾಗಾದ್ರೆ ಆ ಇಲಿ ನೀನೇನಾ?"

"ಹೊಸ ಔಷಧಿ ಎಲ್ಲಿಟ್ಟಿದೀರಿ ಮತ್ತೆ?"

"ಜೇಬಲ್ಲಿ. ಬೆಳಗ್ಗೆ ಸಂಜೆ ಹಾಕ್ಬೇಕು, ಕೈಗೆ ಸಿಗಲಿ ಅಂತ."

"ಬದಲಾಯಿಸಿದ್ದು ಯಾಕ್ರೀ?"

ಅಣ್ಣ ನಾಚಿಕೊಂಡ. "ನೀನು ಮುಖ ಕೊಟ್ಟು ಮಾತಾಡ್ತಿರಲಿಲ್ಲ. ಆ ರೆಪ್ಪೆ ನಿನಗೆ ಅಸಹ್ಯ ಅಂತ ಗೊತ್ತಾಯ್ತು. ನಿನಗಿಂತ ಹೆಚ್ಚಾ ಅದು?"

ಅಕ್ಕನಿಗೆ ಅಯ್ಯೋ ಅನ್ನಿಸಿತು. ಈ ಮನುಷ್ಯ ತನಗಾಗಿ ಅಂಥ ಐಶ್ವರ್ಯವನ್ನು ಬಿಟ್ಟುಕೊಟ್ಟಿದ್ದಾನೆ. ಎಂಥ ಗಂಡ! ಮರುಕ್ಷಣವೇ ಇನ್ನೊಂದು ಅಯ್ಯೋ ಬಂತು. ಬಿಟ್ಟುಕೊಡುವ ಮುಂಚೆ ಒಂದು ಮಾತು ಕೇಳಬಾರದಿತ್ತೇ? ಎಂಥ ಗಂಡ!

ಡಾಕ್ಟರಮ್ಮ ಅವಳ ಗಲ್ಲವನ್ನು ಯಂತ್ರಕ್ಕಿಟ್ಟು ಎರಡೂ ಕಣ್ಣು ಪರೀಕ್ಷಿಸಿದರು. ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು.

"ಬಂದಿದ್ದೇ ಒಳ್ಳೇದಾಯ್ತಮ್ಮ. ನಿಮಗೂ ಒತ್ತಡ ಜಾಸ್ತಿ ಇದೆ. ಎರಡೂ ಕಣ್ಣಲ್ಲಿ. ಈ ಊತ ಪೂರ್ತಿ ಇಳಿದ ಮೇಲೆ ಡ್ರಾಪ್ಸ್ ಶುರು ಮಾಡೋಣ. ಇವರಿಗೆ ಮೊದಲು ಕೊಟ್ಟಿದ್ದೆನಲ್ಲ, ಅದನ್ನೇ ಬರೀತೀನಿ."

ಕಾಯಿಲೆ ಇದೆ ಎಂದು ಕೇಳಿ ಇಷ್ಟು ಸಂತೋಷಪಟ್ಟವರು ಲೋಕದಲ್ಲಿ ಇನ್ನೊಬ್ಬರಿರಲಾರರು. ಎರಡೂ ಕಣ್ಣಲ್ಲಿ! ಗಂಡನಿಗಾದರೋ ಒಂದೇ. ಅಕ್ಕ ಉಸಿರು ಬಿಗಿಹಿಡಿದು ಪೆನ್ನಿನ ತುದಿಯನ್ನೇ ನೋಡುತ್ತಾ ಕೂತಳು. ಪೆನ್ನು ಕಾಗದಕ್ಕೆ ತಾಗಿತು.

"ಡಾಕ್ಟ್ರೇ, ಡಾಕ್ಟ್ರೇ!" ಅಣ್ಣ ಕುರ್ಚಿಯಿಂದ ಅರ್ಧ ಎದ್ದ. "ಅದೊಂದು ಬೇಡ. ರೆಪ್ಪೆ ಬೆಳೆದ್ರೆ ನಮ್ಮವಳಿಗೆ ಆಗಲ್ಲ. ನನ್ನ ಕಣ್ಣಲ್ಲಿ ನೋಡಿನೇ ಮುಖ ತಿರುಗಿಸ್ತಿದ್ಲು, ಅವಳ ಕಣ್ಣಿಗೇ ಬಂದ್ರೆ ಊಟ ಬಿಡ್ತಾಳೆ. ನನಗೀಗ ಕೊಟ್ಟಿದೀರಲ್ಲ, ರೆಪ್ಪೆ ಬೆಳೆಸದೇ ಇರೋದು, ಅದನ್ನೇ ಕೊಡಿ."

"ಹೌದೇನಮ್ಮ?"

ಕುರ್ಚಿ, ಗೋಡೆ, ಗಂಡ ಎಲ್ಲವೂ ತನ್ನನ್ನೇ ನೋಡುತ್ತಿರುವಂತೆ ಅಕ್ಕನಿಗೆ ಅನಿಸಿತು. ಬಾಯಿಯಲ್ಲಿ ಬಿಸಿತುಪ್ಪ. ಉಗುಳಿದರೆ ಹೊಟ್ಟೆಕಿಚ್ಚು ಹೊರಗೆ ಬೀಳುತ್ತದೆ, ನುಂಗಿದರೆ ರೆಪ್ಪೆ ಹೋಗುತ್ತದೆ. "ಹೌದು ಡಾಕ್ಟ್ರೇ" ಎಂದು ನುಂಗಿದಳು. ಪೆನ್ನು ಬರೆದಿದ್ದನ್ನು ಹೊಡೆದುಹಾಕಿ ಬೇರೆ ಬರೆಯಿತು.

"ಸಮಾಧಾನ ಆಯ್ತಾ?" ಎಂದು ಅಣ್ಣ ಬಾಗಿಲ ಹತ್ತಿರ ಪ್ರೀತಿಯಿಂದ ಕೇಳಿದ.

ಹೊರಗೆ ಬೆಂಚಿನ ಮೇಲೆ, ಕೈಯಲ್ಲಿ ಔಷಧಿಯ ಪುಟ್ಟ ಡಬ್ಬಿ ಹಿಡಿದು ಟ್ಯೂಷನ್ ಮೇಡಂ ಕೂತಿದ್ದರು. ಅಣ್ಣನನ್ನು ಕಂಡವರೇ ಎದ್ದು ನಿಂತರು.

"ನಿಮ್ಮ ಉಪಕಾರ ಮರೆಯಲ್ಲ ಸರ್! ವಾಚು ಸರಿ ಇದೆ, ಕಣ್ಣು ತೋರಿಸಿ ಅಂತ ನೀವು ಹೇಳದೇ ಇದ್ದಿದ್ರೆ ನಾನು ಬರ್ತಾನೇ ಇರಲಿಲ್ಲ. ನನಗೂ ಒತ್ತಡವಂತೆ. ಹೋದ ವಾರ ಈ ಡ್ರಾಪ್ಸ್ ಕೊಟ್ರು, ಹೇಗೆ ಹಾಕೋದು ಅಂತ ಇನ್ನೊಂದ್ಸಲ ಕೇಳೋಣ ಅಂತ ಬಂದೆ."

ಡಬ್ಬಿಯ ಮೇಲಿನ ಹೆಸರು ಅಕ್ಕನಿಗೆ ಊದಿದ ಕಣ್ಣಿಗೂ ಸ್ಪಷ್ಟವಾಗಿ ಕಂಡಿತು. ದಿನಾ ಬೆಳಗ್ಗೆ ಹಲಗೆಯ ಮೇಲಿನ ಶೀಶೆಯಲ್ಲಿ ಕಣ್ತುಂಬ ನೋಡಿದ್ದ ಹೆಸರು! ಅವಳು ಗಂಡನ ಬೆನ್ನ ಹಿಂದೆ ಸರಿದಳು. ಆದರೆ ಮೇಡಂ ಬಿಡಬೇಕಲ್ಲ. ಬಗ್ಗಿ, ಅಕ್ಕನ ಬೋಳು ರೆಪ್ಪೆಯನ್ನು ದಿಟ್ಟಿಸಿ ನೋಡಿದರು.

"ಡಾಕ್ಟರು ಹೇಳಿದ್ರು, ರೆಪ್ಪೆ ಕೂದಲು ಬೆಳೆಯೋದು ಈ ಔಷಧಿಯಿಂದ ಅಂತೆ. ಹಾಗಾದ್ರೆ ಅಕ್ಕಾ, ನಿಮ್ಮ ಕೈಯಾರೆ ಮಾಡಿದ ಎಣ್ಣೆ ಅಂದ್ರಲ್ಲ, ಅದು?"

ಅಕ್ಕ ಬಾಯಿ ತೆರೆಯುವ ಮುಂಚೆ ಅಣ್ಣನೇ ಉತ್ತರ ಕೊಟ್ಟ. ಅವನು ಹುಟ್ಟಿದಾರಭ್ಯ ಸುಳ್ಳು ಹೇಳಿದವನಲ್ಲ.

"ಎಣ್ಣೆನಾ? ಅದು ಇವಳದಲ್ಲ ಮೇಡಂ, ನನ್ನದು. ನಿಮ್ಮ ವಾಚಿಗೂ ಅದನ್ನೇ ಹಾಕಿರೋದು."