ಶ್ರೀ ನಮ್ಮನೆಯವರ ಹನ್ನೊಂದು ಹೆಂಡತಿಯರು

ಹೊಸಹಳ್ಳಿ, ಬೆಂಗಳೂರು
ಮೇ ೧೯೮೬

ಸಮನ್ವಯಾಧಿಕಾರಿಗಳ ಸನ್ನಿಧಿಗೆ,
ದೂರವಾಸಿ ಯೋಧ ಕುಟುಂಬಗಳ ನೆರವು ಕಚೇರಿ,
ಫ್ಲೋರ್ ಮಿಲ್ಲಿನ ಮಹಡಿ, ವಿಜಯನಗರ

ಮಾನ್ಯರೇ,

ತಮಗೂ, ತಮ್ಮ ಮೇಜಿಗೂ, ಮೇಜಿನ ಮೇಲಿರುವ ಮೂರು ಬಣ್ಣದ ಮಸಿಗಳಿಗೂ ಉಗ್ರಪ್ಪನೆಂಬ ನಾನು ಬೇರೆಬೇರೆಯಾಗಿ ನಮಸ್ಕರಿಸುತ್ತೇನೆ. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು, ಆಮೇಲೆ ಮೋಟಾರ್ ವೈಂಡಿಂಗ್ ಅಂಗಡಿಯನ್ನೂ ಸೈಕಲ್ ಶಾಪನ್ನೂ ಅರ್ಧಕ್ಕೇ ಬಿಟ್ಟವನು ತಮ್ಮಂಥವರಿಗೆ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೆ ಈ ಪತ್ರವನ್ನಾದರೂ ಪೂರ್ತಿ ಮುಗಿಸುವುದಾಗಿ ಅವ್ವನಿಗೆ ಮಾತು ಕೊಟ್ಟಿದ್ದೇನೆ. ದೂರದ ಪ್ರಾಂತ್ಯದಿಂದ ಬಂದ ತಾವು ಈಗಷ್ಟೇ ಕನ್ನಡ ಕಲಿಯುತ್ತಿರುವುದರಿಂದ, ಕಷ್ಟವಾದ ಕಡೆ ತಮ್ಮ ಗುಮಾಸ್ತರಾದ ಶಿವಬಸಪ್ಪನವರಿಂದ ಓದಿಸಿಕೊಳ್ಳಬಹುದು.

ಮೊದಲು ಕೃತಜ್ಞತೆ. ಮಿಲಿಟರಿಯವರ ನೆಲೆ ಊರಿನ ಆ ತುದಿಗೆ, ನಾವು ಈ ತುದಿಗೆ. ಹಿಂದೆ ನಮ್ಮ ಕಡೆಯ ಸಿಪಾಯಿಗಳ ಹೆಂಡಂದಿರು ಒಂದು ಸಹಿಗಾಗಿ ಎರಡು ಬಿ.ಟಿ.ಎಸ್. ಬಸ್ಸು ಹತ್ತಿಳಿದು, ಸಾಹೇಬರು ಊಟಕ್ಕೆ ಹೋಗಿದ್ದಾರೆಂದು ಕೇಳಿಕೊಂಡು ಹಿಂದಿರುಗುತ್ತಿದ್ದರು. ತಾವು ಇಲ್ಲೇ ಕಚೇರಿ ತೆರೆದ ಮೇಲೆ, ಸಾಹೇಬರು ಊಟಕ್ಕೆ ಹೋಗಿರುವ ಸಂಗತಿಯನ್ನು ನಡೆದೇ ಹೋಗಿ ತಿಳಿದುಕೊಳ್ಳುವ ಅನುಕೂಲವಾಗಿದೆ. ಕಾಯುವ ಹೆಂಗಸರ ಹುಬ್ಬು ಕೆಳಗಿನ ಮಿಲ್ಲಿನ ಹಿಟ್ಟಿಗೆ ಬೆಳ್ಳಗಾಗುವುದನ್ನು ನಾವು ದೂರೆಂದು ಪರಿಗಣಿಸುವುದಿಲ್ಲ.

ನನ್ನ ಅತ್ತಿಗೆ ಮುನಿಲಕ್ಷ್ಮಮ್ಮನವರು ತಮ್ಮಲ್ಲಿಗೆ ಬಂದದ್ದು ಒಂದೇ ಕೆಲಸಕ್ಕೆ. ಅವರಿಗೆ ದಿನ ತುಂಬುತ್ತಿತ್ತು. ನನ್ನ ಅಣ್ಣ ಮುನಿಯಪ್ಪ ಹೆರಿಗೆಗೆ ಗಡಿಯಿಂದ ಬರಬೇಕಾದರೆ, ಹೆರಿಗೆ ಹತ್ತಿರವಿರುವುದು ನಿಜವೆಂದು ತಮ್ಮ ಕಚೇರಿ ಅವನ ರೆಜಿಮೆಂಟಿಗೆ ತಿಳಿಸಬೇಕಿತ್ತು. ಮೊದಲ ಮಗಳು ಹುಟ್ಟಿದಾಗ ಅವನಿಗೆ ರಜೆ ಸಿಕ್ಕಿರಲಿಲ್ಲ. ಅವನು ಬರುವಷ್ಟರಲ್ಲಿ ಮಗುವಿಗೆ ಹಲ್ಲು ಬಂದು, ಮಾತು ಬಂದು, ಖಾಕಿ ತೊಟ್ಟವರನ್ನೆಲ್ಲ ಅಪ್ಪ ಎನ್ನುವ ರೂಢಿಯೂ ಬಂದಿತ್ತು. ಪೋಸ್ಟ್‌ಮ್ಯಾನನ್ನೂ ಬಸ್ ಕಂಡಕ್ಟರನ್ನೂ ಅಪ್ಪ ಎಂದು ಕರೆದವಳು, ನಿಜವಾದ ಅಪ್ಪ ಬನಿಯನ್ನಿನಲ್ಲಿ ಬಂದು ನಿಂತಾಗ ಕಿರುಚಿ ಅತ್ತಳು. ಎರಡನೆಯದಕ್ಕಾದರೂ ಹೀಗಾಗಬಾರದೆಂಬುದು ಅತ್ತಿಗೆಯ ಆಸೆ.

ಗೆಳೆಯ ಕಿಟ್ಟಿ ಹೇಳಿದ ದಾರಿ ಬೇರೆ. "ಮದರ್ ಸೀರಿಯಸ್ ಅಂತ ಒಂದು ಟೆಲಿಗ್ರಾಂ ಬಿಡು ಗುರು, ಎಲ್ಲಾರೂ ಮಾಡೋದು ಅದೇ" ಎಂದ. ಆದರೆ ಆ ಹೊತ್ತಿಗೆ ಮದರ್ ಜಗಲಿಯ ಮೇಲೆ ಕೂತು ಕಡಲೆಪುರಿ ತಿನ್ನುತ್ತ ಪಕ್ಕದ ಮನೆಯವರೊಂದಿಗೆ ಜಗಳವಾಡುತ್ತಿದ್ದರು. ಸೀರಿಯಸ್ ಆಗುವ ಯಾವ ಲಕ್ಷಣವೂ ನನಗೆ ಕಾಣಲಿಲ್ಲ. ಸುಳ್ಳು ಬೇಡ, ಕಚೇರಿ ಇರುವುದೇ ಇದಕ್ಕೆ ಎಂದು ಅತ್ತಿಗೆಯನ್ನು ನಾನೇ ಕರೆತಂದೆ.

ಮಧ್ಯವರ್ತಿಗಳನ್ನು ಬಾಗಿಲಾಚೆ ನಿಲ್ಲಿಸಿ, ಹೆಂಡತಿಯ ಬಾಯಿಂದಲೇ ಕೇಳಿ, ತಮ್ಮ ಕೈಯಿಂದಲೇ ಬರೆದುಕೊಳ್ಳುವ ತಮ್ಮ ಪದ್ಧತಿಯನ್ನು ಎಷ್ಟು ಹೊಗಳಿದರೂ ಸಾಲದು. ಗಂಡನ ಹೆಸರೇನೆಂದು ತಾವು ಕೇಳಿದಿರಿ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆಂಬ ಭಯ, ಗಂಡ ಗಡಿಯಲ್ಲಿದ್ದರಂತೂ ಆ ಭಯ ಎರಡರಷ್ಟು. ಅತ್ತಿಗೆ ತಮ್ಮ ಸ್ವಂತ ಹೆಸರಿನಲ್ಲೂ ಗಂಡನ ಪಾಲಿನ ಮೊದಲರ್ಧವನ್ನು ನುಂಗಿ ಬರೀ ಲಕ್ಷ್ಮಮ್ಮ ಎನ್ನುವವರು. ಅವರು ತಲೆ ತಗ್ಗಿಸಿ "ನಮ್ಮನೆಯವರು" ಎಂದರು. ತಾವು ಮತ್ತೆ ಕೇಳಿದಿರಿ, ಅವರು ಮತ್ತೆ ಅದನ್ನೇ ಹೇಳಿದರು. ತಾವು ತೃಪ್ತಿಯಿಂದ ನೀಲಿ ಮಸಿಯಲ್ಲಿ 'ಸಿಪಾಯಿ ನಮ್ಮನೆಯವರು' ಎಂದು ಬರೆದುಕೊಂಡಿರಿ. ಬಾಗಿಲಾಚೆಯಿಂದ ನಾನು "ಮುನಿಯಪ್ಪ ಸಾರ್, ಮುನಿಯಪ್ಪ" ಎಂದು ಕೂಗಿದೆ; ತಾವು ಅದನ್ನು ನನ್ನ ಹೆಸರೆಂದು ತಿಳಿದು, ಮುನಿಯಪ್ಪನೆಂಬಾತ ಕಚೇರಿಯಲ್ಲಿ ಗಲಾಟೆ ಮಾಡಿದನೆಂದು ಕೆಂಪು ಮಸಿಯಲ್ಲಿ ಬರೆದಿರಿ. ಶಿವಬಸಪ್ಪನವರನ್ನು ಮೆಟ್ಟಿಲ ಮೇಲೆ ಹಿಡಿದು ಕೇಳಿದರೆ, "ಕೇಳಿದ್ದಕ್ಕೆ ಮಾತ್ರ ಉತ್ರ ಕೊಡು ಅಂದವ್ರೆ ಕಣಪ್ಪ, ಸಾಹೇಬ್ರು ಇನ್ನೂ ಕೇಳಿಲ್ವಲ್ಲ" ಎಂದರು.

ಅದೇ ತಿಂಗಳು ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್, ಕೆಂಗೇರಿಗಳಿಂದಲೂ ಹೆಂಗಸರು ಬಂದು ತಲೆ ತಗ್ಗಿಸಿ ಅದೇ ಹೆಸರು ಹೇಳಿದ್ದಾರೆ. ಹೀಗಾಗಿ ಸಿಪಾಯಿ ನಮ್ಮನೆಯವರು ಎಂಬಾತ ಊರಿನ ಪಶ್ಚಿಮ ಭಾಗದಲ್ಲಿ ಹನ್ನೊಂದು ಹೆಂಡಂದಿರನ್ನು ಕಟ್ಟಿಕೊಂಡಿದ್ದಾನೆಂದು ತಾವು ಕಂಡುಹಿಡಿದು, ಎಲ್ಲರಿಗೂ ನೋಟೀಸು ಕಳಿಸಿದಿರಿ. ಆ ಹನ್ನೊಂದು ಮನೆಗಳ ವಿಳಾಸಕ್ಕೆ ಸೈನ್ಯದವರು ಹನ್ನೊಂದು ಬೇರೆ ಹೆಸರಿನ ಸಿಪಾಯಿಗಳನ್ನು ತೋರಿಸಿದಾಗಲೂ ತಾವು ಎದೆಗುಂದದೆ, ಆಸಾಮಿ ಹನ್ನೊಂದು ಹೆಸರುಗಳಲ್ಲಿ ಓಡಾಡುತ್ತಿದ್ದಾನೆಂದು ನಿಶ್ಚಯಿಸಿದಿರಿ. ಏಕಕಾಲಕ್ಕೆ ಹಿಮದಲ್ಲೂ ಮರಳಿನಲ್ಲೂ ನಿಂತು ದೇಶ ಕಾಯುವ ಇಂಥವನಿಗೆ ನೋಟೀಸಿನ ಬದಲು ಪದಕ ಕೊಡಿಸಬೇಕೆಂದು ನನ್ನ ಬೇಡಿಕೆ.

ನೋಟೀಸು ನೋಡಿದ ಅವ್ವ ಅರೆಕ್ಷಣ ಯೋಚಿಸಿ, "ಒಬ್ಬಳಿಗೇ ಕಾಗ್ದ ಬರೆಯೋಕೆ ಸೋಮಾರಿ ಅವ್ನು, ಹನ್ನೊಂದು ಜನಕ್ಕೆ ಎಲ್ಲಿ ಬರೀತಾನೆ" ಎಂದು ಮಗನನ್ನು ಖುಲಾಸೆ ಮಾಡಿದಳು. ಕೆಂಗೇರಿಯ ಅಣ್ಣಮ್ಮನವರು ನೋಟೀಸಿನಲ್ಲಿದ್ದ ವಿಳಾಸ ಹಿಡಿದು ಹೂವು ಹಣ್ಣಿನೊಂದಿಗೆ ನಮ್ಮ ಮನೆಗೇ ಬಂದು, "ಅಕ್ಕಾ, ನಾನು ನಿನ್ ಸವತಿ ಕಣೆ, ಒಂದು ಲೋಟ ಕಾಫಿ ಕೊಡು" ಎಂದರು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣಮ್ಮನವರು ಹೋದ ಮೇಲೆ ಗೋಡೆ ಕಡೆ ತಿರುಗಿ ಅತ್ತರು. ರಜೆಯ ಆಸೆ ಅಲ್ಲಿಗೆ ಮುಗಿದಿತ್ತು.

ಆಗಲೇ ತಮ್ಮ ಮಹಾ ಆಜ್ಞೆ ಹೊರಟದ್ದು: ಹನ್ನೊಂದು ಮಂದಿಯನ್ನೂ ತಕ್ಷಣ ಬೆಂಗಳೂರಿಗೆ ಕರೆಸಿ, ಸಾಲಾಗಿ ನಿಲ್ಲಿಸಿ, ಯಾರು ನಮ್ಮನೆಯವರು ಎಂಬುದನ್ನು ಹೆಂಡಂದಿರಿಂದ ಗುರುತು ಹಿಡಿಸುವುದು. ಹೆರಿಗೆಗೆ ಸಿಕ್ಕದ ರಜೆ ಆರೋಪಕ್ಕೆ ಸಿಕ್ಕಿತು. ಸಾಲಿನ ಮುಂದೆ ಹನ್ನೊಂದು ಹೆಂಗಸರೂ ಒಬ್ಬೊಬ್ಬರನ್ನು ತೋರಿಸಿ "ಇವ್ರೇ ನಮ್ಮನೆಯವರು" ಎಂದರು. ಪ್ರಕರಣ ಇನ್ನಷ್ಟು ಜಟಿಲವಾಗಿದೆಯೆಂದು ತಾವು ಎಲ್ಲರನ್ನೂ ಮುಂದಿನ ಆದೇಶದವರೆಗೆ ಊರಲ್ಲೇ ಇರಿಸಿಕೊಂಡಿರಿ.

ನಾನು ಅಂದೇ ಮಹಡಿ ಹತ್ತಿ ನಿಜ ಹೇಳಲು ಹೊರಟಿದ್ದೆ. ಅತ್ತಿಗೆ ನನ್ನ ಅಂಗಿ ಹಿಡಿದುಕೊಂಡು, "ಹೆರಿಗೆ ಆಗೋಗಂಟ ಸುಮ್ನಿರಪ್ಪ, ಆಮೇಲೆ ಎಷ್ಟು ಬೇಕಾದ್ರೂ ನಿಜ ಹೇಳ್ಕೋ" ಎಂದರು. ಸುಳ್ಳು ಹೇಳು ಎಂದಿದ್ದರೆ ಒಪ್ಪುತ್ತಿರಲಿಲ್ಲ. ಸುಮ್ಮನಿರು ಎಂದದ್ದರಿಂದ ಒಪ್ಪಿದೆ. ಮೊನ್ನೆ ಬೆಳಿಗ್ಗೆ ಗಂಡು ಮಗುವಾಯಿತು. ಅಣ್ಣ ಬನಿಯನ್ನಿನಲ್ಲೇ ಇದ್ದ, ಮಗು ಅವನ ತೋಳಿನಲ್ಲಿ ಕಣ್ಣು ಬಿಟ್ಟಿತು, ಹೆದರಲಿಲ್ಲ.

ಆದ್ದರಿಂದ ಈಗ ಹೇಳುತ್ತಿದ್ದೇನೆ. ನಮ್ಮನೆಯವರು ಎಂದರೆ ನನ್ನ ಗಂಡ ಎಂದರ್ಥ. ಅವರು ಹನ್ನೊಂದು ಮಂದಿ, ಎಲ್ಲರೂ ಏಕಪತ್ನೀವ್ರತಸ್ಥರು. ಇದನ್ನು ತಿಳಿಸುವುದು ನನ್ನ ಕರ್ತವ್ಯವಾಗಿತ್ತು. ತಿಳಿದುಕೊಳ್ಳುವ ಆತುರ ತಮಗೆ ಬೇಡ. ಕೆಂಗೇರಿಯ ಅಣ್ಣಮ್ಮನವರಿಗೆ ಆಷಾಢದಲ್ಲಿ ಹೆರಿಗೆ. ಅಲ್ಲಿಯವರೆಗೆ ತಾವು ಈ ಪತ್ರವನ್ನು ದಿನಕ್ಕೆ ಒಂದು ಸಾಲಿನಂತೆ, ಶಿವಬಸಪ್ಪನವರ ಸಹಾಯವಿಲ್ಲದೆ, ಸ್ವಂತವಾಗಿ ಓದಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಉಗ್ರಪ್ಪ

ತಾ.ಕ.: ತನಿಖೆ ಮುಂದುವರಿಸಲು ಹೊಸ ಆಧಾರ ಬೇಕಾದರೆ ಒಂದು ಸುಳಿವು. ತಮ್ಮ ಶ್ರೀಮತಿಯವರು ತಮಗಿಂತ ಚೆನ್ನಾಗಿ ಕನ್ನಡ ಕಲಿತಿದ್ದಾರೆ. ನಿನ್ನೆ ತರಕಾರಿ ಗಾಡಿಯವಳು ಸಾಹೇಬರು ಎಲ್ಲಿ ಎಂದು ಕೇಳಿದ್ದಕ್ಕೆ, ತಲೆ ತಗ್ಗಿಸಿ, "ನಮ್ಮನೆಯವರು ಆಫೀಸಲ್ಲಿದಾರೆ" ಎಂದರಂತೆ. ಹನ್ನೆರಡನೆಯವರು ಸಿಕ್ಕಿದ್ದಾರೆ, ನೋಟೀಸನ್ನು ಯಾವ ಮಸಿಯಲ್ಲಿ ಬರೆಯಬೇಕೆಂಬುದನ್ನು ತಾವೇ ನಿರ್ಧರಿಸಬೇಕು.